ಅರ್ಧ ಕೊಯ್ಯಿ, ಅರ್ಧ ಬಿಡು

ಕೆಂಡಕ್ಕನಿಗೆ ತಾಯಿತಂದೆ ಇಟ್ಟ ಹೆಸರು ಬೇರೆಯೇ ಇತ್ತು. ಅದು ಅವಳ ಗಂಡನಿಗಾದರೂ ನೆನಪಿತ್ತೋ ಇಲ್ಲವೋ. ಚಾಪೆ ನೇಯುವವರ ಬೀದಿಯಲ್ಲಿ ಬೆನ್ನ ಹಿಂದೆ ಎಲ್ಲರೂ ಕೆಂಡಕ್ಕ ಎನ್ನುತ್ತಿದ್ದರು, ಎದುರಿಗೆ ಬಂದರೆ ಬರೀ ಅಕ್ಕ. ಸಿಟ್ಟು ಸದಾ ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು. ನಲ್ಲಿಯ ಕೆಳಗೆ ಕೊಡ ಇಟ್ಟು ಹರಟೆಗೆ ನಿಂತವರು ಅವಳ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಕೊಡ ತುಂಬುವ ಮೊದಲೇ ಎತ್ತಿಕೊಂಡು ಹೊರಡುತ್ತಿದ್ದರು.

ಆ ಬೀದಿಯ ಮನೆಗಳೆಲ್ಲ ಊರಿಗೆ ಮುಖ ಮಾಡಿ, ಕೆರೆಗೆ ಬೆನ್ನು ಕೊಟ್ಟು ನಿಂತಿದ್ದವು. ಆದರೆ ಬದುಕೆಲ್ಲ ಹಿತ್ತಿಲಲ್ಲೇ. ಹಿತ್ತಿಲ ಬಾಗಿಲು ತೆಗೆದರೆ ಒಣಹಾಕಿದ ಜೊಂಡಿನ ಕಟ್ಟುಗಳು, ಬಣ್ಣ ಕುದಿಸುವ ಹಂಡೆ, ಅದರಾಚೆ ಆಳೆತ್ತರದ ಹಸಿ ಜೊಂಡು, ಜೊಂಡಿನಾಚೆ ನೀರು. ಊರು ಹುಟ್ಟುವ ಮೊದಲೇ ಈ ಜನ ಈ ದಂಡೆಯಲ್ಲಿದ್ದರು. ಊರು ಆಮೇಲೆ ಬಂತು, ಬಸ್ಸು ಬಂತು, ನಗರಸಭೆ ಬಂತು, ಕೊನೆಗೆ ಊರಿನ ಚರಂಡಿಯೂ ಬಂದು ಕೆರೆಗೆ ಬಿತ್ತು. ಆ ಕೊಳೆಯನ್ನೂ ಜೊಂಡಿನ ಬೇರುಗಳೇ ಹೇಗೋ ನುಂಗಿಕೊಂಡು ನೀರನ್ನು ನೀರಾಗಿ ಉಳಿಸಿದ್ದವು.

ಕೆರೆಗೆ ಒಂದು ಕಟ್ಟಳೆಯಿತ್ತು. ಅರ್ಧ ಕೊಯ್ಯಿ, ಅರ್ಧ ಬಿಡು. ಈ ವರ್ಷ ಪೂರ್ವದ ಭಾಗ ಕೊಯ್ದರೆ ಮುಂದಿನ ವರ್ಷ ಪಶ್ಚಿಮದ್ದು. ಕೊಯ್ಯದೆ ಬಿಟ್ಟರೆ ಹಳೆಯ ಜೊಂಡು ಬಿದ್ದು ಕೊಳೆತು ಕೆರೆ ಕೆಸರಾಗುತ್ತದೆ. ಪೂರ್ತಿ ಕೊಯ್ದರೆ ದಂಡೆ ಕುಸಿಯುತ್ತದೆ, ಮೀನಿಗೂ ಹಕ್ಕಿಗೂ ನೆಲೆ ತಪ್ಪುತ್ತದೆ. ಹಕ್ಕಿಗಳು ಮೊಟ್ಟೆಯ ಮೇಲೆ ಕೂತಿರುವಾಗ ಕುಡುಗೋಲು ಹಿಡಿದು ಯಾರೂ ನೀರಿಗಿಳಿಯುವಂತಿಲ್ಲ. ಇದನ್ನು ಕಾಯುವ ಕೆಲಸ ಮೊದಲು ಕೆಂಡಕ್ಕನ ಅತ್ತೆಯದಾಗಿತ್ತು. ಅತ್ತೆ ತೀರಿಕೊಂಡ ಮೇಲೆ ಬೀದಿಯವರು ಸೇರಿ ಅದನ್ನು ಸೊಸೆಗೇ ವಹಿಸಿದರು. ಒಳ್ಳೆಯವರು ಬೀದಿಯಲ್ಲಿ ಬೇಕಾದಷ್ಟಿದ್ದಾರೆ, ಈ ಕೆಲಸಕ್ಕೆ ಜಗಳಕ್ಕೆ ಹೇಸದವಳೇ ಬೇಕು ಎಂದು ಒಬ್ಬ ಮುದುಕ ಹೇಳಿದ್ದನಂತೆ.

ಹೇಸಲಿಲ್ಲ ಅವಳು. ಬಿಟ್ಟ ಭಾಗದಲ್ಲಿ ಕೈಯಾಡಿಸಿದ ಸ್ವಂತ ಮೈದುನನ ಜೊಂಡಿನ ಕಟ್ಟನ್ನು ನಡುಬೀದಿಯಲ್ಲಿ ಬಿಚ್ಚಿ ಚೆಲ್ಲಿದಳು. ಎರಡು ಮನೆಯಾಚೆಗಿದ್ದ ಕುಳ್ಳಿ, ಗಂಡ ಸತ್ತ ವರ್ಷವೇ ದೊಡ್ಡ ಹೋಟೆಲಿನವರಿಗೆ ಚಾಪೆ ಒಪ್ಪಿಕೊಂಡು ಕದ್ದು ಕೊಯ್ದಾಗ, ಅವಳನ್ನು ಆ ಹಂಗಾಮು ಪೂರ್ತಿ ಕೆರೆಗೆ ಇಳಿಯಗೊಡಲಿಲ್ಲ. ಕುಳ್ಳಿ ಎಲ್ಲಿಂದಲೋ ಜೊಂಡು ತರಿಸಿ ನೇಯ್ದು ಮುಗಿಸಿದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಹೀಗಿರುವಾಗ ನಗರಸಭೆಯವರು ಕೆರೆಯನ್ನು ಉದ್ಧಾರ ಮಾಡಲು ಹೊರಟರು. ಒಂದು ಸಮಾರಂಭ ಇಟ್ಟುಕೊಂಡು ಕೆಂಡಕ್ಕನನ್ನು ಕರೆದರು. ವೇದಿಕೆಯ ಮೇಲೆ ಅಧ್ಯಕ್ಷರ ಪಕ್ಕದ ಕುರ್ಚಿ ಕೊಟ್ಟು, ಸಮುದಾಯದ ನಾಯಕಿ ಎಂದು ಪರಿಚಯಿಸಿ, ಹಿರಿಯರ ಅರಿವಿನ ಬಗ್ಗೆ ಎರಡು ಮಾತಾಡಿ ಎಂದರು. ಅವಳು ಅತ್ತೆ ಹೇಳಿಕೊಟ್ಟದ್ದನ್ನೇ ಹೇಳಿದಳು. ಚಪ್ಪಾಳೆ ಬಿತ್ತು. ಹೊಟ್ಟೆಯಲ್ಲಿಟ್ಟುಕೊಂಡು ಕಾಯ್ದ ಮಾತನ್ನು ಕಡೆಗೂ ಯಾರೋ ಕೇಳಿಸಿಕೊಂಡರು ಎಂದು ಅವಳಿಗೂ ಅನಿಸಿತು. ಅಂದು ಸಂಜೆ ಅವಳು ಯಾರನ್ನೂ ಬೈಯಲಿಲ್ಲ. ಮೈಗೆ ಹುಷಾರಿಲ್ಲವೇ ಎಂದು ಗಂಡ ಹಣೆ ಮುಟ್ಟಿ ನೋಡಿದ.

ಸ್ವಲ್ಪ ದಿನಕ್ಕೆ ಕೆರೆಯ ಪೂರ್ವದ ಕಡೆ ಮನೆಯೆತ್ತರದ ಫಲಕ ಎದ್ದಿತು. ‘ಮೂಲನಿವಾಸಿಗಳ ಅರಿವು, ನಾಳೆಯ ಕೆರೆ’ ಎಂದು ದಪ್ಪಕ್ಷರ. ಕೆಳಗೆ ಕಲ್ಲು ಹಾಸಿದ ದಂಡೆ, ಓಡಾಡುವ ಹಾದಿ, ಕಾರಂಜಿ, ದೋಣಿಯ ಚಿತ್ರ. ಜೊಂಡು ಹುಡುಕಿದರೂ ಇಲ್ಲ. ಪಕ್ಕದಲ್ಲಿ ಕೆಂಡಕ್ಕನ ಮುಖ, ಹಲ್ಲು ಕಾಣುವಂತೆ ನಗುತ್ತಿದೆ. ವೇದಿಕೆಯ ಮೇಲೆ ಅವಳು ನಕ್ಕೇ ಇರಲಿಲ್ಲ. ಕಂಪ್ಯೂಟರಿನಲ್ಲಿ ಯಾರೋ ಅವಳ ಮೂತಿಗೆ ನಗು ಅಂಟಿಸಿದ್ದರು.

ಗಂಡ ಕತ್ತೆತ್ತಿ ತುಂಬ ಹೊತ್ತು ನೋಡಿದ. ಜೊಂಡಿಗೆ ಬಣ್ಣ ಹಾಕುವ ಆ ಮನುಷ್ಯ ಮಾತು ಕಡಿಮೆಯವನು.

“ಚೆನ್ನಾಗಿ ಬಂದಿದೆ. ಇಷ್ಟು ವರ್ಷದಲ್ಲಿ ನಾನೇ ನೋಡಿರ್ಲಿಲ್ಲ,” ಎಂದ.

ಫಲಕದ ಬುಡದಲ್ಲೇ ಮಣ್ಣೆತ್ತುವ ಯಂತ್ರ ಆಗಲೇ ಜೊಂಡನ್ನು ಬೇರುಸಮೇತ ಕಿತ್ತು ಲಾರಿಗೆ ತುಂಬುತ್ತಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಬೀದಿಯಲ್ಲಿ ಕಾದಿತ್ತು. ಕೆಂಡಕ್ಕ ಒಪ್ಪಿಗೆ ಕೊಟ್ಟಿದ್ದಾಳೆ, ಕೈ ಬೆಚ್ಚಗೆ ಮಾಡಿಕೊಂಡಿದ್ದಾಳೆ, ಇಲ್ಲದಿದ್ದರೆ ಹಾಗೆ ನಗುತ್ತಿದ್ದಳೇ ಎಂದು ನಲ್ಲಿಯ ಹತ್ತಿರ ಮಾತು ಹಬ್ಬಿತ್ತು. ಮೈದುನ ಅದನ್ನು ಬಂದು ಅವಳ ಮುಖಕ್ಕೇ ಹೇಳಿದ. ಒಂದು ಕಟ್ಟು ಜೊಂಡಿಗೆ ಬೀದಿಯಲ್ಲಿ ನನ್ನ ಮಾನ ಕಳೆದವಳು ಇಡೀ ಕೆರೆಯನ್ನೇ ಮಾರಿಕೊಂಡಳಲ್ಲ ಎಂದ. ತನ್ನ ನಾಲಗೆಯಿಂದ ಪೆಟ್ಟು ತಿಂದವರೆಲ್ಲ ಇದನ್ನು ನಂಬಲು ತುದಿಗಾಲಲ್ಲಿ ನಿಂತಿದ್ದರು ಎಂಬುದು ಅವಳಿಗೆ ಅರ್ಥವಾಯಿತು. ಅರ್ಥವಾದಷ್ಟೂ ಮೈ ಉರಿಯಿತು.

ಗೋಡೆಗೆ ಸುಣ್ಣ ಬಳಿಯುವವನ ಏಣಿಯನ್ನು ಕೇಳದೆ ಎತ್ತಿಕೊಂಡು ಹೋಗಿ ಫಲಕಕ್ಕೆ ಒರಗಿಸಿದಳು. ಸೀರೆ ಎತ್ತಿ ಕಟ್ಟಿ ಮೇಲೆ ಹತ್ತಿ, ಜೊಂಡು ಕೊಯ್ಯುವ ಕುಡುಗೋಲಿನಿಂದ ತನ್ನ ಮುಖದ ಸುತ್ತ ಫಲಕದ ಬಟ್ಟೆಯನ್ನು ಕೊಯ್ದು ಕಿತ್ತಳು. ಕಾವಲುಗಾರ ಕೆಳಗಿನಿಂದ ಕೂಗಿದ. ಅದು ನನ್ನ ಮುಖ, ನಿನ್ನಪ್ಪನದಲ್ಲ ಎಂದಳು. ಅದನ್ನು ಚಾಪೆಯಂತೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ನೇರ ನಗರಸಭೆಗೆ ನಡೆದಳು.

ಕೆರೆಯ ಕೆಲಸ ನೋಡಿಕೊಳ್ಳುತ್ತಿದ್ದುದು ಒಬ್ಬ ಇಂಜಿನಿಯರಮ್ಮ. ಕೆಟ್ಟವಳಲ್ಲ. ಕುರ್ಚಿ ಹಾಕಿ ಕೂರಿಸಿದಳು.

“ಭಾಷಣದಲ್ಲಿ ನೀವೇ ಹೇಳಿದ್ರಲ್ಲಮ್ಮಾ, ಕೊಯ್ಯದೆ ಬಿಟ್ರೆ ಕೆರೆ ಸಾಯುತ್ತೆ ಅಂತ.”

“ಪೂರ್ತಿ ಕೊಯ್ದರೂ ಸಾಯುತ್ತೆ ಅಂತಾನೂ ಹೇಳಿದ್ದೆ. ಆ ಮಾತು ಎಲ್ಲಿ ಹೋಯ್ತು?”

ಇಂಜಿನಿಯರಮ್ಮ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದಳು. ದನಿ ತಗ್ಗಿಸಿ, “ನನಗೂ ಗೊತ್ತಿತ್ತಮ್ಮಾ. ಅರ್ಧ ಉಳಿಸೋಣ ಅಂತ ನಾನೂ ಬರೆದಿದ್ದೆ. ಮೇಲಿನವರು ಹೊಡೆದುಹಾಕಿದ್ರು,” ಎಂದಳು.

ಈ ಮಾತಿಗೆ ಕೆಂಡಕ್ಕ ತಣ್ಣಗಾಗುತ್ತಾಳೆಂದು ಆಕೆ ಎಣಿಸಿರಬೇಕು. ಅಲ್ಲಿಯವರೆಗೆ ಕೆಂಡಕ್ಕನ ಸಿಟ್ಟು ತಿಳಿಯದವರ ಮೇಲಿತ್ತು, ಅದಕ್ಕೆ ಒಂದು ಮಿತಿಯೂ ಇತ್ತು. ಈಗ ಅದು ಕಟ್ಟೆಯೊಡೆಯಿತು.

“ಗೊತ್ತಿಲ್ದೆ ಮಾಡಿದ್ರೆ ಕೂರಿಸಿ ಕಲಿಸ್ತಿದ್ದೆ. ಗೊತ್ತಿದ್ದೂ ಬಾಯಿ ಮುಚ್ಕೊಂಡಿರೋರಿಗೆ ಏನು ಕಲಿಸ್ಲಿ? ಬಾಗಿಲು ಹಾಕ್ಕೊಂಡು ಸತ್ಯ ಹೇಳ್ತೀಯಲ್ಲ ತಾಯಿ, ಯಾರಿಗೆ ಬೇಕು ಅದು?”

ಸುತ್ತಿದ ಮುಖವನ್ನು ಮೇಜಿನ ಮೇಲೆ ಎಸೆದು ಎದ್ದು ಬಂದಳು.

ಮನೆಗೆ ಹೋಗಲಿಲ್ಲ. ಬೀದಿಯ ಹೆಂಗಸರೆಲ್ಲ ಸೇರಿ ನೇಯುವ ತಗಡಿನ ಚಾವಣಿಯ ಕೆಳಗೆ ಹೋಗಿ ನಿಂತಳು. ಕೈಗಳು ನಿಂತವು, ತಲೆಗಳು ಮೇಲೇಳಲಿಲ್ಲ. ಬೈಯುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಕೇಳಿಕೊಂಡು ಅಭ್ಯಾಸವಿರಲಿಲ್ಲ. ನಾನು ಒಪ್ಪಿಗೆಯನ್ನೂ ಕೊಟ್ಟಿಲ್ಲ, ಕಾಸನ್ನೂ ಮುಟ್ಟಿಲ್ಲ, ನಂಬುವವರು ನಂಬಿ ಎಂದಳು. ಪೂರ್ವದ್ದು ಮುಗಿಯುತ್ತಾ ಬಂತು, ಯಂತ್ರ ನಾಳೆ ಪಶ್ಚಿಮಕ್ಕೆ ಬರುತ್ತದೆ, ಅಲ್ಲಿ ಹಕ್ಕಿಗಳು ಮೊಟ್ಟೆಯ ಮೇಲೆ ಕೂತಿವೆ, ನಾನೊಬ್ಬಳೇ ನಿಂತರೆ ಎತ್ತಿ ಪಕ್ಕಕ್ಕೆ ಇಡುತ್ತಾರೆ ಎಂದಳು. ಮೂಲೆಯಲ್ಲಿ ಅಂಚು ಮಡಚುತ್ತಿದ್ದ ಕುಳ್ಳಿ ವರ್ಷಗಳ ಮೇಲೆ ಅವಳ ಜೊತೆ ಬಾಯಿ ಬಿಟ್ಟಳು.

“ನಿನ್ನ ಮೇಲೆ ನನಗೆ ಸಿಟ್ಟಿದೆ ಅಕ್ಕ. ಸಾಯೋವರೆಗೂ ಇರುತ್ತೆ. ಕೆರೆ ಮೇಲೆ ಇಲ್ಲ.”

ಮರುದಿನ ಬೆಳಿಗ್ಗೆ ಪಶ್ಚಿಮದ ದಂಡೆಗೆ ಯಂತ್ರ ಇಳಿಯಬೇಕಾದ ದಾರಿಯ ಉದ್ದಕ್ಕೂ ಚಾಪೆಗಳು ಹಾಸಿದ್ದವು. ಮೇಲೆ ಹೆಂಗಸರು ಕೂತು ನೇಯುತ್ತಿದ್ದರು. ಬೀದಿಯ ಗಂಡಸರೂ ಬಂದರು, ಮೈದುನನೂ ಬಂದು ದೂರದಲ್ಲಿ ಕೈಕಟ್ಟಿ ನಿಂತ. ಯಂತ್ರದವನು ಒಮ್ಮೆ ಹಾರನ್ ಹೊಡೆದು ನೋಡಿದ, ಆಮೇಲೆ ಎಂಜಿನ್ ಆರಿಸಿ ಇಳಿದು ನೆರಳಿಗೆ ಹೋಗಿ ಕೂತ. ಅಧ್ಯಕ್ಷರು ಕಾರಿನಲ್ಲಿ ಬಂದರು. ನಿಮ್ಮ ಅಕ್ಕನೇ ಒಪ್ಪಿದ ಕೆಲಸ ಇದು, ಈಗ ತಕರಾರು ತೆಗೆದರೆ ಹೇಗೆ ಎಂದು ಗದರಿದರು. ಕೆಂಡಕ್ಕ ಎದ್ದು ಹೋಗಿ ಅವರ ಮುಂದೆ ನಿಂತಳು.

“ನಾನು ಹೇಳಿದ್ದನ್ನ ಅರ್ಧ ಕೊಯ್ಕೊಂಡ್ರಿ. ಮಿಕ್ಕಿದ್ದು ಇಲ್ಲಿ ಕೂತಿದೆ, ನೋಡಿ.”

ಆಗ ಇಂಜಿನಿಯರಮ್ಮ ಗುಂಪಿನ ಹಿಂದಿನಿಂದ ಮುಂದೆ ಬಂದಳು. ಹಕ್ಕಿಗಳು ಮೊಟ್ಟೆಯಿಟ್ಟಿರುವುದು ನಿಜ, ಈ ಭಾಗ ಬಿಡಬೇಕೆಂದು ತಾನು ಮೊದಲೇ ಬರೆದು ಕೊಟ್ಟಿದ್ದೂ ನಿಜ ಎಂದು ಎಲ್ಲರೆದುರು ಹೇಳಿದಳು. ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಫೋನಿನಲ್ಲಿ ಏನೇನೋ ಮಾತಾಡಿ, ಸದ್ಯಕ್ಕೆ ನಿಲ್ಲಿಸಿ ಎಂದು ಕಾರು ಹತ್ತಿದರು. ಹೆಂಗಸರು ಸಂಜೆಯವರೆಗೂ ಏಳಲಿಲ್ಲ. ಆ ‘ಸದ್ಯಕ್ಕೆ’ಯ ಮೇಲೆ ಯಾರಿಗೂ ನಂಬಿಕೆಯಿರಲಿಲ್ಲ.

ಪಶ್ಚಿಮ ಉಳಿಯಿತು. ಪೂರ್ವ ಹೋಯಿತು. ಕಲ್ಲು ಹಾಸಿದರು, ಕಾರಂಜಿ ಕೂರಿಸಿದರು. ಬೇಸಿಗೆಗೆ ಅಲ್ಲಿನ ನೀರು ಹಸಿರು ಗಂಜಿಯಾಗಿ, ಸತ್ತ ಮೀನು ತೇಲಿ, ನಾತ ಬಸ್ ನಿಲ್ದಾಣದವರೆಗೂ ಹೊಡೆಯಿತು. ಕಾರಂಜಿ ಆ ನಾತವನ್ನೇ ಎತ್ತಿ ಎತ್ತಿ ಚಿಮ್ಮಿಸಿತು. ನಾನು ಹೇಳಿರಲಿಲ್ಲವೇ ಎನ್ನುವ ಸಂತೋಷವೂ ಕೆಂಡಕ್ಕನಿಗೆ ಸಿಗಲಿಲ್ಲ. ಸತ್ತ ಮೀನನ್ನು ಗೋರುವಾಗ ಅದು ಬಾಯಿಗೆ ಬರುವ ಮಾತಲ್ಲ.

ಕಡೆಗೆ ನಗರಸಭೆಯವರೇ ಬಂದು ಪೂರ್ವಕ್ಕೆ ಮತ್ತೆ ಜೊಂಡು ನೆಡಿಸಿ ಕೊಡಿ ಎಂದರು. ಬೀದಿ ಸಭೆ ಸೇರಿತು. ನೆಡೋಣ, ಆದರೆ ಇನ್ನು ಮೇಲೆ ಕೆರೆಯ ಮಾತನ್ನು ಒಬ್ಬಳೇ ಆಡುವುದು ಬೇಡ, ಕುಳ್ಳಿಯನ್ನೂ ಸೇರಿಸಿ ಮೂರು ಜನ ಇರಲಿ, ಒಬ್ಬರ ಮುಖ ಕದ್ದರೆ ಇನ್ನಿಬ್ಬರದು ಉಳಿಯುತ್ತದೆ ಎಂದರು. ಕೆಂಡಕ್ಕ ಸಿಡುಕಿಕೊಂಡು ಎದ್ದು ಹೋದಳು. ಗಂಡ ಬಣ್ಣದ ಹಂಡೆ ಕಲಕುತ್ತಾ, ಅವರು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಕೇಳಿದ. ಅವನನ್ನೂ ಬೈದಳು. ಆದರೂ ನೆಡುವ ದಿನ ಎಲ್ಲರಿಗಿಂತ ಮೊದಲು ಕೆರೆಯಲ್ಲಿದ್ದಳು.

ಮೊದಲು ಕಲ್ಲು ಕೀಳಬೇಕಾಯಿತು. ಹಾಕಿದ ಗುತ್ತಿಗೆದಾರನೇ ಹಾರೆ ಹಿಡಿದು ಕೀಳಿಸುತ್ತಿದ್ದ. ಮಂಡಿಯುದ್ದ ನೀರಲ್ಲಿ ನಿಂತು ಕೆಂಡಕ್ಕ ಅವನಿಗೆ ಬೈದಳು, ಬೇರನ್ನು ತೀರಾ ಆಳಕ್ಕೆ ತುರುಕಿದ ಹುಡುಗಿಯರಿಗೆ ಬೈದಳು, ಹೊಸ ಗಡಿ ಎಲ್ಲಿಂದ ಎಲ್ಲಿಗೆ ಎಂದು ಕುಳ್ಳಿಯ ಜೊತೆ ಕಿತ್ತಾಡಿದಳು. ಕುಳ್ಳಿ ಒಂದಕ್ಕೆರಡು ತಿರುಗಿಸಿದಳು. ಗಡಿ ಕುಳ್ಳಿ ಹೇಳಿದಲ್ಲಿಗೇ ನಿಂತಿತು.

ಜೊಂಡು ಬಂತು, ಅಲ್ಲಲ್ಲಿ ತೇಪೆ ತೇಪೆಯಾಗಿ. ಚರಂಡಿ ಬೀಳುವ ಬಾಯಿಯಲ್ಲಿ ಮಾತ್ರ ಎಷ್ಟು ನೆಟ್ಟರೂ ಬೇರು ಹಿಡಿಯಲಿಲ್ಲ. ಇಂದಿಗೂ ಕೆಂಡಕ್ಕ ಆ ದಾರಿಯಲ್ಲಿ ಹೋಗುವಾಗ ಅಲ್ಲಿ ನಿಂತು, ಯಾರು ಕೇಳಲಿ ಬಿಡಲಿ, ನಾಲ್ಕು ಮಾತು ಬೈದೇ ಮುಂದೆ ಹೋಗುತ್ತಾಳೆ.