ಕೌದಿಯ ಮೂಲೆಯ ಗೆಜ್ಜೆ

ದೆವ್ವ ಕಂಡೆ ಎಂದವರಿಗೆ ರೊಟ್ಟಿ ತಿಂದು ಮಲಗು ಎನ್ನುತ್ತಿದ್ದವಳು ನಾನು. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ಹೋದ ವರ್ಷ ನಡೆದದ್ದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಮುಪ್ಪಿನಲ್ಲಿ ಕಲಿತ ಅಕ್ಷರ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ನಮ್ಮದು ತಾವರಗೇರಾ. ಮೊಮ್ಮಗಳು ಸುಜಾತಾ ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ದೆವ್ವದ ಕಥೆ ಹೇಳಿ ವಿಡಿಯೊ ಹಾಕುತ್ತಾಳೆ. ನೋಡಿದವರೊಬ್ಬರು ಪುಸ್ತಕ ಬರೆ ಎಂದರು. ಬರೆದಳು, ಅಚ್ಚೂ ಆಯಿತು. ಓಣಿಯವರು ಮಾತ್ರ, "ಎಲ್ಲಾ ಆ ಮುದುಕಿ ಹೇಳಿದ್ದು ಬಿಡ್ರಿ, ಈಕಿ ಬರೇ ಬಾಯಿ ಆಡಸ್ತಾಳ" ಎಂದರು. ವಿಡಿಯೊದ ಕೆಲವು ಕಥೆ ನಾನು ಹೇಳಿದ್ದು ಹೌದು. ಪುಸ್ತಕಕ್ಕೆ ಅವಳು ಹೊಸದಾಗಿಯೇ ಬರೆದಿದ್ದಳು. ಆ ಮಾತಿಗೆ ಹುಡುಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

"ಅಜ್ಜಿ, ನಾಳೆ ಕುಷ್ಟಗಿಯಾಗ ಪುಸ್ತಕ ಬಿಡುಗಡಿ ಐತಿ. ಎಲ್ಲಾರ ಮುಂದ ನೀನ ಹೇಳಬೇ, ಇವು ಮೊಮ್ಮಗಳು ಬರದ ಕಥಿ, ನನ್ನವಲ್ಲ ಅಂತ."

"ಮದ್ಲ ಓದಿ ಹೇಳು. ಕಾಗದದಾಗ ಏನೈತಿ ಗೊತ್ತಿಲ್ಲದ ಹೆಬ್ಬಟ್ಟು ಒತ್ತೋ ಕಾಲ ಹೋತು" ಎಂದೆ.

ಕಟ್ಟೆಯ ಮೇಲೆ ನಾನು ಹಳೇ ಸೀರೆಯ ತುಂಡು ಜೋಡಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದೆ, ಅವಳು ಓದಿದಳು. ಕೌದಿ ಮುಗಿಸುವಾಗ ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರು ಇಟ್ಟು ಹೊಲಿಯುವುದು ನಮ್ಮಲ್ಲಿ ಪದ್ಧತಿ. ಕೌದಿ ಹಸಿದಿರಬಾರದು. ಅವಳ ಕೊನೆಯ ಕಥೆಯಲ್ಲಿ ಒಬ್ಬ ಸೊಸೆ ರೊಟ್ಟಿಯ ಬದಲು ಸತ್ತ ಮಗಳ ಕಾಲಿನ ಒಂದು ಗೆಜ್ಜೆ ಇಡುತ್ತಾಳೆ. ಒಳಗಿನ ಕಾಳು ಬಿದ್ದುಹೋಗಿ ಸಪ್ಪಳವಿಲ್ಲದ ಗೆಜ್ಜೆ. ಆ ಕೌದಿ ಹೊದಿಸಿ ಅತ್ತೆಯನ್ನು ಹೂಳುತ್ತಾರೆ. ಮಣ್ಣಿನೊಳಗಿಂದ ಗೆಜ್ಜೆ ನುಡಿಯುತ್ತದೆ.

ನನ್ನ ಸೂಜಿ ನಿಂತಿತು. ಆ ಸೊಸೆ ನಾನು.

ಅತ್ತೆಗೆಂದು ಕೌದಿ ಹೊಲಿದ ದಿನ ಬುಟ್ಟಿಯಲ್ಲಿ ರೊಟ್ಟಿ ಇರಲಿಲ್ಲ. ಎರಡು ವರ್ಷದ ಮಗಳು ಹೋಗಿ ತಿಂಗಳಾಗಿತ್ತು. ಸೆರಗಿಗೆ ಕಟ್ಟಿಕೊಂಡಿದ್ದ ಅವಳ ಗೆಜ್ಜೆಯನ್ನೇ ಇಟ್ಟು ಹೊಲಿದುಬಿಟ್ಟೆ. ಬೈಯುತ್ತಾರೆಂದು ಗಂಡನಿಗೂ ಹೇಳಲಿಲ್ಲ. ಮುಂದೆ ಆ ಕೌದಿ ಅತ್ತೆಯ ಜೊತೆ ಮಣ್ಣಿಗೆ ಹೋಯಿತು. ಸುಜಾತಾಳ ಅಪ್ಪನೇ ಆಗ ಹುಟ್ಟಿರಲಿಲ್ಲ.

"ಇದನ್ನ ಎಲ್ಲಿಂದ ತಂದಿ?"

"ಎಲ್ಲಿಂದ ತರ್ಲೆಬೇ? ತಲ್ಯಾಗ ಬಂತು, ಬರದೆ. ಛಲೋ ಆಗಿಲ್ಲೇನು?"

ಮರುದಿನ ಕುಷ್ಟಗಿಯಲ್ಲಿ ಒಬ್ಬ ಮಾಸ್ತರ ಮೈಕಿನಲ್ಲೇ ಕೇಳಿದ, ಕೌದಿಯ ಕಥೆ ಅಜ್ಜಿಯದಲ್ಲವೇ ಎಂದು. ಸುಜಾತಾ ನನ್ನನ್ನೇ ನೋಡುತ್ತಿದ್ದಳು. ಎದ್ದು ನಿಂತೆ.

"ನಾ ಹೇಳಿಲ್ರಿ. ಸುಳ್ಳಾಡಿದ್ರ ನನ್ನ ಕಣ್ಣ ಹೋಗ್ಲಿ, ನಾಳಿಂದ ಸೂಜಿ ಪೋಣಿಸೂದ ಬ್ಯಾಡ."

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಹುಡುಗಿ ಆ ದಿನ ಹೊಟ್ಟೆತುಂಬ ಉಂಡಳು.

ನಾನು ಆಡಿದ್ದು ನಿಜ. ಗೆಜ್ಜೆಯ ವಿಷಯ ಅವಳಿಗೆ ಇನ್ನೂ ಹೇಳಿಲ್ಲ, ಇದನ್ನು ಓದಿ ತಿಳಿಯಲಿ. ಕಥೆ ಅವಳದೇ. ನಿದ್ದೆಯಲ್ಲಿ ನಾನೇ ಬಡಬಡಿಸಿರಬೇಕು ಎನ್ನುತ್ತೀರಿ. ನಾನೂ ಹಾಗೆಯೇ ಅಂದುಕೊಳ್ಳಬಹುದಿತ್ತು. ಆದರೆ ಆ ಗೆಜ್ಜೆಯ ಕಾಳು ಬಿದ್ದುಹೋಗಿತ್ತೆಂಬುದು ನನಗೇ ನೆನಪಿರಲಿಲ್ಲ. ಅವಳು ಓದಿದ ಮೇಲೆ ನೆನಪಾಯಿತು.