ಪೂಜೆಗೆ ಮುನ್ನ ಹೊರಬಿದ್ದ ಕಂಪೈಲರ್

ಹೊಸದು ಬಂದಾಗ ಹಳೆಯದು ಮರ್ಯಾದೆಯಿಂದ ಜಾಗ ಬಿಡಬೇಕು; ಲೋಕ ನಡೆಯುವುದೇ ಹಾಗೆ. ಕಂಪ್ಯೂಟರ್ ನಡೆಸುವ ಲಿನಕ್ಸಿಗೆ ಮಾತ್ರ ಇದನ್ನು ಯಾರೂ ತಿಳಿಸಿದಂತಿಲ್ಲ. ನಿನ್ನೆ ನನ್ನ ಲ್ಯಾಪ್‌ಟಾಪ್, ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಹೊಸದು ಬಂದಿದೆ, ಹಾಕಲೇ ಎಂದು ಕೇಳಿದಾಗ ಬೆರಳು ಹಿಂದೆ ಸರಿಯಿತು. ಕೊಯಮತ್ತೂರಿನ ರಂಗಸಾಮಿ ನೆನಪಾದ.

ಇಪ್ಪತ್ತು ವರ್ಷದ ಹಿಂದೆ ನಾವಿಬ್ಬರೂ ಅಲ್ಲಿನ ಒಂದು ಪಂಪ್ ಕಾರ್ಖಾನೆಯಲ್ಲಿದ್ದೆವು. ನಾನು ದಾವಣಗೆರೆಯಿಂದ ಹೋದವನು. ಅವನು ಪಕ್ಕದ ಕಿಣತ್ತುಕಡವಿನವನು, ಮನೆಯಲ್ಲಿ ಕನ್ನಡ, ಹೊರಗೆಲ್ಲ ತಮಿಳು. ಪಂಪು ಎಷ್ಟು ನೀರೆತ್ತೀತೆಂದು ಲೆಕ್ಕ ಹಾಕುವ ಪ್ರೋಗ್ರಾಂ ಬರೆದಿದ್ದ. ಆಯುಧಪೂಜೆಯ ಮರುದಿನ ಯಂತ್ರ ಮುಟ್ಟುವಾಗ ಮೊದಲ ಕೆಲಸವೇ ಅದಾಗಬೇಕೆಂದು ಕಾರ್ಖಾನೆಯ ಒಡೆಯ ಮುದಲಾಳಿಯ ಅಪ್ಪಣೆ. ಓಡಿದರೆ ರಂಗಸಾಮಿಗೆ ಕಂಪ್ಯೂಟರಿನ ಮುಂದೆ ಕಾಯಂ ಕುರ್ಚಿ; ಇಲ್ಲವಾದರೆ ಮತ್ತೆ ಟೆಸ್ಟಿಂಗ್ ಶೆಡ್ಡು.

ಪೂಜೆಯೆಂದರೆ ಅಲ್ಲಿ ಲೇತುಗಳಿಗೆ ಅಭ್ಯಂಜನ, ಗೋಡೆಗೆ ಸುಣ್ಣ, ಮೂಲೆಯ ಗುಜರಿಗೆ ಮುಕ್ತಿ. ಶ್ರದ್ಧಾವಂತ ರಂಗಸಾಮಿ ಕಂಪ್ಯೂಟರಿನ ಒಳಗನ್ನೂ ಶುಚಿ ಮಾಡಿದ: ಹಳೆಯ ಕಂಪೈಲರನ್ನು ಕಿತ್ತುಹಾಕಿ ಹೊಸದನ್ನು ಪ್ರತಿಷ್ಠಾಪಿಸಿದ. ಪ್ರೋಗ್ರಾಂ ಕೊಟ್ಟು ನೋಡಿದರೆ ಪರದೆ ತುಂಬ ಎರರ್‌ಗಳ ಬೈಗುಳ.

"ಪೂಜೆಗೆ ಪಳೇ ಸಾಮಾನು ಇರ್ಕೂಡದಲ್ಲಾ ಅಣ್ಣಾ," ಎಂದ.

"ಅಲ್ಲೋ, ನೀ ಬರೆದಿದ್ದು ಅರ್ಥ ಆಗ್ತಿದ್ದಿದ್ದೇ ಆ ಹಳೇದಕ್ಕೆ."

ಪತ್ರಿಕೆಗಳ ಜೊತೆ ಪುಕ್ಕಟೆ ಬರುತ್ತಿದ್ದ ಲಿನಕ್ಸ್ ಸೀಡಿಗಳಿಂದ ಪಂಡಿತನಾದವನು ನಾನು. ನಾಡಿ ಹಿಡಿಯುವ ವೈದ್ಯನ ಗಾಂಭೀರ್ಯದಿಂದ ಕುಳಿತು ಹಳೆಯದನ್ನು ಮರಳಿ ತಂದೆ. ಆದರೂ ಕಂಪೈಲರನ್ನು ಅದರ ಹೆಸರಾದ ಜಿಸಿಸಿ ಎಂದು ಕೂಗಿದರೆ ಹೊಸಬನೇ ಓಗೊಡುತ್ತಿದ್ದ. ಹಳೆಯವನನ್ನು ಆವೃತ್ತಿಯ ಸಂಖ್ಯೆ ಸೇರಿಸಿ ಪೂರ್ತಿ ಹೆಸರಿನಿಂದಲೇ ಕರೆಯಬೇಕಿತ್ತು. ಹಿರಿಯರಲ್ಲವೇ, ನೀವೇ ಹೇಳಿ. ಕರೆದೆವು. ಬೈಗುಳ ತಗ್ಗಿತು, ನಿಲ್ಲಲಿಲ್ಲ.

ಅಷ್ಟರಲ್ಲಿ ಮುದಲಾಳಿ ಕುಂಕುಮದ ತಟ್ಟೆ ಹಿಡಿದು ಲೇತುಗಳ ಸಾಲು ಮುಗಿಸಿ ನಮ್ಮತ್ತ ತಿರುಗಿದರು.

"ಪೊಟ್ಟು ಇಟ್ಬುಟ್ರೆ ನಾಳೆವರ್ಗೂ ಮುಟ್ಟಂಗಿಲ್ಲ ಅಣ್ಣಾ," ಎಂದ ರಂಗಸಾಮಿ.

ಆಗ ಹೊಳೆಯಿತು. ಹೊಸ ಕಂಪೈಲರ್ ಅರೆಬೇಯಿಸಿಟ್ಟ ಪ್ರೋಗ್ರಾಮಿನ ತುಣುಕುಗಳು ಫೋಲ್ಡರಿನಲ್ಲೇ ಬಿದ್ದಿದ್ದವು. ಹಳೆಯದು ಮಡಿವಂತ, ಅವನ್ನು ತನ್ನ ಅಡುಗೆಗೆ ಬೆರೆಸದು. ಇಡೀ ಕಂಪ್ಯೂಟರ್ ಗುಡಿಸಿದವನು ಆ ಎಂಜಲೊಂದನ್ನು ಬಿಟ್ಟಿದ್ದ! ಅಳಿಸಿ, ಮೊದಲಿನಿಂದ ಕಂಪೈಲ್ ಮಾಡಿದೆವು. ಪರದೆ ತಣ್ಣಗಾಯಿತು. ಮುದಲಾಳಿಯ ಬೆರಳು ಅದರ ನೆತ್ತಿಗೆ ಕುಂಕುಮ ಒತ್ತಿತು.

ನಿನ್ನೆ ನಾನು ಹೊಸ ಕಂಪೈಲರಿಗೆ ಒಪ್ಪಿದೆ. ಹಳೆಯದನ್ನೂ ಪಕ್ಕದಲ್ಲೇ ಕೂರಿಸಿದೆ. ಅಂದಿನ ಪ್ರೋಗ್ರಾಂ ಪೂಜೆಯ ಮರುದಿನ ಬೆಳಿಗ್ಗೆ ಓಡಿತು. ರಂಗಸಾಮಿ ಶೆಡ್ಡಿಗೆ ಮರಳಲಿಲ್ಲ.