ಪಾಲಿಷ್ ಒಣಗುವಷ್ಟು ಹೊತ್ತು

ನಾನು ಕಾರು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಬಡಾಯಿ ಎಂದು ತಿಳಿಯಬೇಡಿ. ನಾನು ಓಡಿಸುವಾಗ ಪಕ್ಕದಲ್ಲಿ ಒಂದು ಸಲ ಕೂತು ಬಂದವರೆಲ್ಲ, ಲೋಕದ ಹಿತಕ್ಕೆ ಇದೇ ಸರಿಯಾದ ಏರ್ಪಾಡು ಎಂದು ಒಪ್ಪಿಕೊಂಡಿದ್ದಾರೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಬ್ಯಾಂಕಿನವರು ನನ್ನನ್ನು ತಿಪಟೂರಿನಿಂದ ಎತ್ತಿ ವಿಜಯವಾಡಕ್ಕೆ ಹಾಕಿದ್ದರು. ಪಟಮಟ ಎಂಬ ಬಡಾವಣೆಯಲ್ಲಿ ಮಹಡಿಯ ಮೇಲೆ ನಮ್ಮ ಬಾಡಿಗೆ ಮನೆ, ಕೆಳಗೆ ಮಾಲೀಕರಾದ ಸುಬ್ಬಾರಾವ್ ಗಾರು, ಅಂಗಳದಲ್ಲಿ ಒಂದು ಬಾದಾಮಿ ಮರ, ಮರದ ಕೆಳಗೆ ನನ್ನ ಕಡುನೀಲಿ ಬಣ್ಣದ ಸೆಕೆಂಡ್ ಹ್ಯಾಂಡ್ ಕಾರು. ವಾರವಿಡೀ ಅದು ಅಲ್ಲೇ ನಿಂತು ಧೂಳು ಕುಡಿಯುತ್ತಿತ್ತು. ಭಾನುವಾರ ನಾನು ಲುಂಗಿ ಎತ್ತಿ ಕಟ್ಟಿ ಬಕೆಟ್ ಹಿಡಿದು ಇಳಿದರೆ, ಸುಬ್ಬಾರಾವ್ ಗಾರು ಪೇಪರಿನಿಂದ ತಲೆ ಎತ್ತಿ, "ಏಮಂಡೀ, ಕಾರುಕಿ ತಲಂಟು ಸ್ನಾನಮಾ?" ಎಂದು ಕೇಳುತ್ತಿದ್ದರು. ಕಾರಿಗೆ ಎಣ್ಣೆಸ್ನಾನವೇ ಎಂದು. ಅಭ್ಯಂಜನವೇ ಅಂದುಕೊಳ್ಳಿ.

ಹೊಸದಾಗಿ ಕಾರು ಕೊಂಡವರಿಗೆ ಈ ವಿದ್ಯೆಯಲ್ಲಿ ನಾನು ಸ್ವಲ್ಪ ಹೇಳಬಲ್ಲೆ, ಏಕೆಂದರೆ ಮಾಡಬಾರದ್ದನ್ನೆಲ್ಲ ಮಾಡಿ ಮುಗಿಸಿದ್ದೇನೆ. ಧೂಳು ಕೂತ ಕಾರನ್ನು ಒಣಬಟ್ಟೆಯಿಂದ ಒರೆಸಬೇಡಿ. ಆ ಧೂಳೇ ಮರಳುಕಾಗದವಾಗಿ ಬಣ್ಣದ ಮೇಲೆ ಗೀರು ಎಳೆಯುತ್ತದೆ. ಮೊದಲು ಧಾರಾಳವಾಗಿ ನೀರು ಸುರಿಯಿರಿ, ನೆತ್ತಿಯಿಂದ ಶುರುಮಾಡಿ ಕೆಳಗೆ ಇಳಿಯಿರಿ. ಬಟ್ಟೆ ಒಗೆಯುವ ಪುಡಿ ಹಾಕಿದರೆ ಕೊಳೆಯ ಜೊತೆಗೆ ಹೊಳಪೂ ಹೋಗುತ್ತದೆ. ಬಿಸಿಲಲ್ಲಿ ತೊಳೆದರೆ ನೀರು ಅಲ್ಲಲ್ಲೇ ಆರಿ, ಸಿಡುಬಿನ ಕಲೆಯಂಥ ಚುಕ್ಕೆ ಉಳಿಯುತ್ತದೆ. ವಿಜಯವಾಡದ ಬಿಸಿಲಿನ ಮಾತು ಹೇಳುವುದೇ ಬೇಡ. ಅಲ್ಲಿ ಬೆಳಿಗ್ಗೆ ಕಾಫಿ ಆರುವ ಮೊದಲು ಬಾನೆಟ್ಟು ಕಾದಿರುತ್ತದೆ. ಇನ್ನು ಬಂಪರಿಗೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಇದು ನನ್ನ ಹೆಂಡತಿ ವಾಸಂತಿಯ ಸಂಶೋಧನೆ. ದೇವರ ದೀಪಗಳಿಗೆ ಆಗುವುದು ಇದಕ್ಕೆ ಯಾಕಾಗದು ಎಂದು ಒಂದು ಹಿಡಿ ಹುಣಸೆ ಕಿವುಚಿ ಕೊಟ್ಟಳು. ಬಂಪರು ಆ ಸಂಜೆಯೆಲ್ಲ ಬೆಳ್ಳಿಯಂತೆ ಬೆಳಗಿ, ಮಳೆಗಾಲ ಬರುವಷ್ಟರಲ್ಲಿ ತುಕ್ಕು ಹಿಡಿಯಿತು. ನಮ್ಮಿಬ್ಬರಲ್ಲಿ ಯಾರೂ ಅದರ ಸುದ್ದಿ ಎತ್ತಲಿಲ್ಲ. ಸಂಸಾರ ನಡೆಯಬೇಕಲ್ಲ!

ತೊಳೆದ ಮೇಲೆ ಪಾಲಿಷ್. ತೆಳ್ಳಗೆ ಹಚ್ಚಿ ಬಿಟ್ಟರೆ ಸ್ವಲ್ಪ ಹೊತ್ತಿಗೆ ಅದು ಒಣಗಿ ಬೆಳ್ಳಗಾಗುತ್ತದೆ. ಒರೆಸುವ ಸಮಯ ಬಂತೇ ಎಂದು ನೋಡಲು ಬೆರಳಿನಿಂದ ಒಂದು ಗೆರೆ ಎಳೆಯಬೇಕು. ಗೆರೆ ಮೆತ್ತಿಕೊಂಡರೆ ಇನ್ನೂ ಹಸಿ. ಗೆರೆಯಲ್ಲಿ ಬಣ್ಣ ಚೊಕ್ಕವಾಗಿ ಹೊಳೆದರೆ ಸಿದ್ಧ. ಆ ಗೆರೆ ಎಳೆಯುವ ಅಧಿಕಾರ ನನ್ನ ಮಗಳು ಚಿತ್ರಾಳದು. ಏಳು ವರ್ಷದ ಹುಡುಗಿಗೆ ಅಷ್ಟಗಲದ ಬಿಳಿ ಹಲಗೆ ಸಿಕ್ಕಿದರೆ ಒಂದು ಗೆರೆಗೆ ನಿಲ್ಲುತ್ತಾಳೆಯೇ? ಶಾಲೆಯಲ್ಲಿ ಕಲಿತ ತೆಲುಗು ಅಕ್ಷರ ಬರೆಯತೊಡಗಿದಳು. ನಾನು ಪಕ್ಕದಲ್ಲೇ ಕನ್ನಡದ್ದು ಬರೆದೆ. ಎರಡೂ ಅಕ್ಕತಂಗಿ ಲಿಪಿಗಳು. ತಂಗಿಯ ಪರಿಚಯವಿದ್ದವರಿಗೆ ಅಕ್ಕನ ಮನೆಯ ಬಾಗಿಲು ಬೇಗ ತೆರೆಯುತ್ತದೆ. ಹೀಗೆ ಪಾಲಿಷ್ ಒಣಗುವಷ್ಟು ಹೊತ್ತಿನಲ್ಲಿ, ಭಾನುವಾರ ಭಾನುವಾರ, ಅವಳು ಕನ್ನಡ ಓದಿ ಬರೆಯುವುದನ್ನು ಕಲಿತುಬಿಟ್ಟಳು.

ಬರೆದಳೇ ಹೊರತು ಮಾತಾಡಲಿಲ್ಲ. ನಾವು ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ. ಮೊದಲು ಹೀಗಿರಲಿಲ್ಲ. ಹಿಂದಿನ ಬೇಸಿಗೆ ರಜೆಯಲ್ಲಿ ತಿಪಟೂರಿಗೆ, ನನ್ನ ಅಣ್ಣನ ಮನೆಗೆ ಹೋಗಿ ಬಂದ ಮೇಲೆ ಬಾಯಿ ಕಟ್ಟಿತು. ಯಾಕೆಂದು ನಮಗೆ ತಿಳಿಯಲಿಲ್ಲ; ಕೇಳಿದರೆ ಹೇಳಲೂ ಇಲ್ಲ.

ಆಗ ಬಂದರು ನೋಡಿ, ನನ್ನ ತಾಯಿ. ಒಂದು ತಿಂಗಳು ಮೊಮ್ಮಗಳ ಜೊತೆ ಇರಬೇಕೆಂದು, ಡಬ್ಬಿ ತುಂಬ ಕೊಬ್ಬರಿ ಮಿಠಾಯಿ ಹೊತ್ತು ರೈಲಿನಲ್ಲಿ ಬಂದರು. ಬಂದ ಮರುದಿನವೇ ನನ್ನ ವಿದ್ಯೆಗೂ ಅವರ ಮಡಿಗೂ ಯುದ್ಧವಾಯಿತು. ಕಾರಿನ ನೀರು ಹೀರಿಸಲು ಮೃದುವಾದ ಚರ್ಮದ ತುಂಡೊಂದು ಬರುತ್ತದೆ. ಒದ್ದೆಯಾದರೆ ನೀರುದೋಸೆ, ಒಣಗಿದರೆ ಹಪ್ಪಳ. ಅದನ್ನು ನಾನು ಒಣಹಾಕಿದ್ದ ತಂತಿಯಲ್ಲೇ ಅಮ್ಮನ ಮಡಿಸೀರೆಯೂ ಇತ್ತು.

"ಇದೇನೋ ಇದು?"

"ಕಾರು ಒರೆಸೋದಮ್ಮ. ಚರ್ಮ."

"ಚರ್ಮಾನಾ! ಶಿವಶಿವಾ!"

"ಋಷಿಗಳು ಜಿಂಕೆ ಚರ್ಮದ ಮೇಲೆ ಕೂತೇ ತಪಸ್ಸು ಮಾಡ್ತಿದ್ರಲ್ಲಮ್ಮ..."

"ಅವ್ರು ಕೂತ್ಕೊಂಡ್ರು ಕಣಪ್ಪ. ನಿನ್ ಥರ ಮಡಿ ಸೀರೆ ಪಕ್ಕ ಒಣಗ್ ಹಾಕ್ಲಿಲ್ಲ!"

ಶಾಸ್ತ್ರದಲ್ಲಿ ಅಮ್ಮನನ್ನು ಗೆದ್ದವರಿಲ್ಲ. ಸೀರೆ ಮತ್ತೆ ನೀರಿಗೆ ಬಿತ್ತು, ಅಮ್ಮ ಮತ್ತೆ ಸ್ನಾನ ಮಾಡಿದರು. ಅಂದಿನಿಂದ ಕಾರಿನ ಹತ್ತಿರ ಸುಳಿಯಲಿಲ್ಲ.

ಆದರೆ ಅಮ್ಮನ ನಿಜವಾದ ಸಂಕಟ ಬೇರೆಯೇ ಇತ್ತು. ಬೀದಿಯ ಮಕ್ಕಳ ಜೊತೆ ಚಿತ್ರಾ ಅರಳು ಹುರಿದ ಹಾಗೆ ತೆಲುಗಿನಲ್ಲಿ ಮಾತಾಡುವಳು. ಅಜ್ಜಿ ಕರೆದರೆ ಬಂದು ಪಕ್ಕದಲ್ಲಿ ಕೂರುವಳು, ಮಿಠಾಯಿ ತಿನ್ನುವಳು, ಜಡೆ ಹಾಕಿಸಿಕೊಳ್ಳುವಳು. ಮಾತು ಮಾತ್ರ ಇಲ್ಲ. ಏನು ಕೇಳಿದರೂ ತಲೆ ಆಡಿಸುವುದೊಂದೇ. ಗದರಿಸಿದೆ, ಮುದ್ದು ಮಾಡಿದೆ, ಜಗ್ಗಲಿಲ್ಲ. ಮೂರನೆಯ ವಾರಕ್ಕೆ ಅಮ್ಮ ಸೋತರು.

"ಟಿಕೆಟ್ ಮಾಡ್ಸಪ್ಪ, ಹೊರಡ್ತೀನಿ," ಅಂದರು. "ಬೀದಿಯೋರ್ಗೆಲ್ಲ ಮಾತು, ನನಗೆ ಮಾತ್ರ ತಲೆ ಆಡ್ಸೋದು. ಆ ಮಗೂಗೆ ನಾನು ಬೇಡ ಕಣೋ."

"ಹಾಗಲ್ಲಮ್ಮ, ಅವಳಿಗೆ..." ಎಂದೆ. ಈಗ ಹೀಗೆ ಹೋದರೆ ಅಮ್ಮ ಇನ್ನು ನಮ್ಮ ಮನೆಗೆ ಬರುವವರಲ್ಲ. ಅವರ ಹಟ ನನಗೆ ಗೊತ್ತು. ಭಾನುವಾರ ಸಂಜೆಯ ರೈಲಿಗೆ ಟಿಕೆಟ್ ಮಾಡಿಸಿದೆ.

ಭಾನುವಾರ ಬೆಳಿಗ್ಗೆ ಕಾರು ತೊಳೆದೆ. ಅಮ್ಮನನ್ನು ಸ್ಟೇಷನ್ನಿಗೆ ಬಿಡುವ ಕಾರಾದರೂ ಚೆನ್ನಾಗಿರಲಿ ಎಂಬ ಪೆದ್ದು ಸಮಾಧಾನ. ಕೈ ಏನಾದರೂ ಮಾಡುತ್ತಿದ್ದರೆ ಮನಸ್ಸು ಸುಮ್ಮನಿರುತ್ತದೆ ಎಂಬುದೂ ಈ ವಿದ್ಯೆಯ ಒಂದು ಉಪಯೋಗ. ಬಾನೆಟ್ಟಿಗೆ ಪಾಲಿಷ್ ಹಚ್ಚಿ ಮುಗಿಸುವಷ್ಟರಲ್ಲಿ ಸುಬ್ಬಾರಾವ್ ಗಾರು ನೀರಿನ ಮೋಟಾರು ನಿಂತಿದೆ ಎಂದು ಕೂಗಿ ಹಿತ್ತಲಿಗೆ ಕರೆದೊಯ್ದರು. ಮೋಟಾರಿನ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಪಕ್ಕದಲ್ಲಿ ನಿಂತು ತಲೆ ಆಡಿಸುವುದು. ಅದನ್ನು ಸಾಕಷ್ಟು ಹೊತ್ತು ಮಾಡಿದೆ.

ವಾಪಸು ಬಂದು ನೋಡಿದರೆ ಬಾದಾಮಿ ಮರದ ನೆರಳು ಸರಿದು ಬಾನೆಟ್ಟಿನ ಮೇಲೆ ಬಿಸಿಲು ಬಿದ್ದಿದೆ. ಅಯ್ಯೋ, ಪಾಲಿಷ್ ಸುಟ್ಟು ಗಟ್ಟಿಯಾಯಿತಲ್ಲ ಎಂದು ಬಟ್ಟೆ ಹಿಡಿದು ಓಡಿದೆ. ಬಾನೆಟ್ಟಿನ ಮುಂದೆ ಅಮ್ಮ ನಿಂತಿದ್ದರು. ಮೂರು ವಾರ ಕಾರಿನ ನೆರಳನ್ನೂ ಸೋಕದವರು, ಅದರ ಮೇಲೆ ಬಾಗಿ ಬೆರಳಿಟ್ಟು ನಿಂತಿದ್ದರು. ಚಿತ್ರಾ ಬಾದಾಮಿ ಮರದ ಹಿಂದೆ ನಿಂತು ಇಣುಕುತ್ತಿದ್ದಳು.

"ಅಮ್ಮಾ, ಸ್ವಲ್ಪ ಸರೀರಿ, ಒರೆಸ್ಬೇಕು."

"ತಡಿಯೋ," ಅಂದರು ತಲೆ ಎತ್ತದೆ. "ಓದ್ತಿದೀನಿ."

ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಕೂಡಿಸಿಕೊಂಡು ಓದುತ್ತಾರೆ. ನಾನೂ ಹಿಂದೆ ನಿಂತು ಓದಿದೆ.

"ಅಜ್ಜಿ ಹೋಗಬೇಡ. ನಾನು ಮಾತಾಡಿದರೆ ನಗಬೇಡ."

ಎಲ್ಲವೂ ಆಗ ನೆನಪಾಯಿತು. ತಿಪಟೂರಿನ ಪಡಸಾಲೆ, ಊಟದ ಸಾಲು. ಚಿತ್ರಾ ತೆಲುಗು ಬೆರೆಸಿ ಏನನ್ನೋ ಕೇಳಿದ್ದಳು. ಅಣ್ಣನ ಮಕ್ಕಳು ಬಿದ್ದು ಬಿದ್ದು ನಕ್ಕಿದ್ದರು. ಅಮ್ಮನೂ ನಕ್ಕಿದ್ದರು, ಮುದ್ದಿಗೆ. ದೊಡ್ಡವರು ಮುದ್ದಿಗೆ ನಗುವುದಕ್ಕೂ ಹುಡುಗರು ಹಂಗಿಸಿ ನಗುವುದಕ್ಕೂ ಇರುವ ವ್ಯತ್ಯಾಸ ಮಗುವಿಗೆ ಯಾರು ಹೇಳಬೇಕು? ಬರೆದ ಅಕ್ಷರಕ್ಕಾದರೆ ಯಾರೂ ನಗುವುದಿಲ್ಲ ಎಂದು ಅವಳು ಕಂಡುಕೊಂಡಿದ್ದಳು.

ಅಮ್ಮ ಓದಿ ಮುಗಿಸಿದರು. ಆಮೇಲೆ ತೋರುಬೆರಳು ಚಾಚಿ, ಆ ಸಾಲಿನ ಕೆಳಗೆ, ದೊಡ್ಡ ದೊಡ್ಡ ಸೊಟ್ಟ ಅಕ್ಷರದಲ್ಲಿ ಬರೆದರು: "ನಗಲ್ಲ."

ಚಿತ್ರಾ ಮರದ ಹಿಂದಿನಿಂದ ಬಂದು ಓದಿದಳು. ಅಜ್ಜಿಯ ಕೈ ಹಿಡಿದು ತಿರುಗಿಸಿ ನೋಡಿದಳು. "ಅಜ್ಜೀ, ನಿನ್ನ ವೇಲು ತೆಲ್ಲಗಾ ಆಯ್ತು!" ಅಂದಳು. ಬೆರಳು ಬೆಳ್ಳಗಾಯಿತು ಎಂದು ಹೇಳಬೇಕಾಗಿತ್ತು, ಪಾಪ.

ನನಗೆ ನಗು ತಡೆಯಲಾಗದೆ ಬಕೆಟ್ ಎತ್ತಿಕೊಂಡು ನಲ್ಲಿಯ ಕಡೆ ತಿರುಗಿದೆ. ಅಮ್ಮ ನಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರು. ಕಣ್ಣಲ್ಲಿ ನೀರು ತುಂಬಿತ್ತು. "ಹೂಂ ಕಣೇ ಕಂದ, ತೆಲ್ಲಗಾ ಆಯ್ತು," ಅಂದರು. "ಇನ್ನೇನೇನಾಯ್ತು, ಎಲ್ಲಾ ಹೇಳು." ಅವಳು ಹೇಳಿದಳು. ಒಂದು ವರ್ಷದ ಮಾತು ಕೂಡಿಟ್ಟಿದ್ದಳು. ಸಂಜೆಯ ರೈಲು ಅಮ್ಮನಿಲ್ಲದೆ ಹೋಯಿತು.

ಸುಟ್ಟ ಪಾಲಿಷನ್ನು ತೆಗೆಯಲು ಭುಜ ಬೀಳುವಂತೆ ಉಜ್ಜಿದೆ. ಬಿಳುಪು ಹೋಯಿತು. ಆದರೆ ಬೆರಳು ಓಡಾಡಿದ ಕಡೆ ಬಣ್ಣ ಒಂದು ಥರ, ಉಳಿದ ಕಡೆ ಒಂದು ಥರ. ಒಣಗಿದ್ದಾಗ ಏನೂ ಕಾಣದು. ತೇವ ಕೂತರೆ ಅಕ್ಷರ ಎದ್ದು ಬರುತ್ತಿತ್ತು. ಬೆಂಜ್ ಸರ್ಕಲ್ಲಿನ ಪೇಂಟರೊಬ್ಬರು ಉಜ್ಜುವ ಪೇಸ್ಟ್ ಹಾಕಿ ಸರಿಮಾಡಿಕೊಡುತ್ತೇನೆ ಅಂದರು. ಬೇಡವೆಂದು ಕೈಮುಗಿದೆ.

ಮುಂದೆ ವಿಶಾಖಪಟ್ಟಣಕ್ಕೆ ವರ್ಗವಾಗಿ ಮಧುರವಾಡದಲ್ಲಿ ಮನೆ ಮಾಡಿದೆವು. ಅಲ್ಲಿ ಬೇರೆಯೇ ಪಾಠ. ಸಮುದ್ರದ ಗಾಳಿಯ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ದಿನವೂ ಬೆಳಿಗ್ಗೆ ಸಿಹಿನೀರು ಸುರಿದು ಒರೆಸಲೇಬೇಕು, ತಡಮಾಡಿದಷ್ಟೂ ನಷ್ಟ. ಅಮ್ಮ ಅಲ್ಲಿಗೆ ವರ್ಷಕ್ಕೊಮ್ಮೆ ಬಂದು, ಕರೆದುಕೊಂಡು ಹೋಗಲು ಅಣ್ಣ ಬರುವವರೆಗೂ ಇರುತ್ತಿದ್ದರು. ನಾನು ಬಕೆಟ್ ಹಿಡಿದು ಇಳಿಯುವ ಮೊದಲೇ, ಕಾಫಿ ಲೋಟ ಹಿಡಿದು ಅಜ್ಜಿ ಮೊಮ್ಮಗಳು ಕಾರಿನ ಮುಂದೆ ಹಾಜರು. ರಾತ್ರಿಯ ಇಬ್ಬನಿಯಲ್ಲಿ ಬಾನೆಟ್ಟಿನ ಮೇಲೆ ಆ ಎರಡು ಸಾಲು ಮಸುಕಾಗಿ ಮೂಡಿರುತ್ತಿದ್ದವು. ಇಬ್ಬನಿ ಬೀಳದ ದಿನ ಅಮ್ಮ ತಾವೇ ಬಾಗಿ, "ಹಾ" ಎಂದು ಉಸಿರು ಬಿಟ್ಟು ಅಕ್ಷರ ಎಬ್ಬಿಸುತ್ತಿದ್ದರು.

ಉಪ್ಪು ತಿನ್ನುತ್ತಿದೆಯಲ್ಲ ಎಂಬ ಆತುರ ನನಗೆ. "ಅಮ್ಮಾ, ಅದು ನಿಮಗೆ ಬಾಯಿಪಾಠ ಆಗಿದೆ, ಸರೀರಿ," ಎಂದು ಬಟ್ಟೆ ಎತ್ತುತ್ತೇನೆ.

"ತಡಿಯೋ," ಅನ್ನುತ್ತಾರೆ, ಬೆರಳನ್ನು ಮೊದಲ ಅಕ್ಷರದ ಮೇಲಿಟ್ಟು. "ನಾನಿನ್ನೂ ಓದ್ತಿದೀನಿ."